ವಾಪಸ್ ಬಂದ ಎರಡು ರೂಪಾಯಿ

ಎಲ್ಲ ಓದುಗರಿಗೂ ನಮಸ್ಕಾರ. ನಾನು ತಿಪ್ಪೇಸ್ವಾಮಿ. ಹುಟ್ಟಿದ್ದು ಚಳ್ಳಕೆರೆ, ಈಗ ಇರುವುದು ಸಿಂಗಸಂದ್ರ. ಕಾಸು ಹಾಕಿದರೆ ಟೀ, ಕಾಫಿ, ಬಿಸ್ಕತ್ತು ಕೊಡುವ ಮೆಷಿನ್‌ಗಳ ರಿಪೇರಿ ನನ್ನ ಕೆಲಸವಾಗಿತ್ತು. ಅದರಲ್ಲಿ ಹದಿನಾರು ವರ್ಷ ಕಳೆದು ಈಗ ಮನೆಯಲ್ಲಿದ್ದೇನೆ. ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಮೂಟೆ ಹೊರುತ್ತಾ ಇಪ್ಪತ್ತಾರನೇ ವಯಸ್ಸಿಗೆ ಹತ್ತನೇ ಕ್ಲಾಸು ಪಾಸು ಮಾಡಿದವನು ನಾನು. ಆಮೇಲೆ ಟೀವಿ ರಿಪೇರಿ ಕಲಿತೆ. ಬರೆದು ಅಭ್ಯಾಸವಿಲ್ಲ. ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ಒಂದು ಒತ್ತಕ್ಷರ ಮೂಡುವಷ್ಟರಲ್ಲಿ ಹೇಳಬೇಕಾದ ಮಾತು ಮುಂದಕ್ಕೆ ಹೋಗಿರುತ್ತದೆ. ತಪ್ಪುಗಳು ಕಂಡರೆ ನಿಮ್ಮ ಮನೆಯ ಹಿರಿಯನೊಬ್ಬ ಬರೆದದ್ದೆಂದು ತಿದ್ದಿಕೊಂಡು ಓದಿ.

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ, ನಾಣ್ಯದ ಮೆಷಿನ್ ಕಥೆ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಇರಲಿ. ಫೋನಿನ ಮೆಷಿನ್ ಕೆಟ್ಟಾಗಲೂ ಬ್ಯಾಗು ಹಿಡಿದು ಹೋಗಬೇಕಾದವರು ನೀವೇ ಅಲ್ಲವೇ.

ನಮ್ಮ ಕಂಪನಿ ಪೀಣ್ಯದಲ್ಲಿತ್ತು. ಮೆಷಿನ್‌ಗಳನ್ನು ಆಫೀಸುಗಳಿಗೆ, ಫ್ಯಾಕ್ಟರಿಗಳಿಗೆ ಬಾಡಿಗೆಗೆ ಕೊಡುವುದು, ಕೆಟ್ಟರೆ ಸರಿ ಮಾಡುವುದು ಅದರ ವ್ಯವಹಾರ. ಸರ್ವೀಸ್ ಮ್ಯಾನೇಜರ್ ಮೂರ್ತಿ ಸಾರ್. ತೆಳ್ಳಗಿನ ಮನುಷ್ಯ, ಸಿಟ್ಟು ದಪ್ಪ. ನಾನು ಸೇರಿದ ದಿನ ಅವರು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳಿದರು:

"ಕಣ್ ಮುಚ್ಕೊಳಪ್ಪ. ಕೈ ಚಾಚು."

ಅಂಗೈ ಮೇಲೆ ಏನೋ ಇಟ್ಟರು.

"ಏನಿದು?"

"ಐದು ರೂಪಾಯಿ ಸಾರ್."

"ಹೆಂಗ್ ಗೊತ್ತಾಯ್ತು?"

"ದಪ್ಪ ಐತೆ ಸಾರ್, ತೂಕಾನೂ ಐತೆ."

"ಇದು?"

"ಎರಡು ರೂಪಾಯಿ. ಸುತ್ತಾ ಮೂಲೆ ಐತೆ."

"ಇದು?"

"ಒಂದು ರೂಪಾಯಿ ಸಾರ್."

ಮೂರ್ತಿ ಸಾರ್ ನಕ್ಕರು. ಕಣ್ಣು ಬಿಟ್ಟು ನೋಡಿದರೆ ಕೈಯಲ್ಲಿದ್ದದ್ದು ಒಂದು ರೂಪಾಯಿ ಅಳತೆಗೆ ಕತ್ತರಿಸಿದ ಬರೀ ಕಬ್ಬಿಣದ ಬಿಲ್ಲೆ. ಪೀಣ್ಯದಲ್ಲಿ ಅಂಥದ್ದನ್ನು ಯಾವ ಶೆಡ್ಡಿನಲ್ಲಿ ಬೇಕಾದರೂ ಮಾಡಿಕೊಡುತ್ತಾರೆ.

"ನೀನು ಮೋಸ ಹೋದೆ. ನನ್ನ ಮೆಷಿನ್ ಹೋಗಲ್ಲ. ಅದು ತೂಕ ನೋಡಲ್ಲ, ಅಂಕಿ ಓದಲ್ಲ, ಸಿಂಹದ ಮುಖಾನೂ ನೋಡಲ್ಲ. ಏನು ನೋಡುತ್ತೆ ಅಂತ ಇವತ್ತು ಕಲ್ತ್ಕೊಂಡ್ ಹೋಗು."

ಅವತ್ತು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ತೂತಿನೊಳಗೆ ಹಾಕಿದ ನಾಣ್ಯ ಒಂದು ಪುಟ್ಟ ಇಳಿಜಾರಿನ ಮೇಲೆ ಉರುಳುತ್ತದೆ. ಪಕ್ಕದಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲ್‌ಗಳಿರುತ್ತವೆ. ಅವುಗಳಲ್ಲಿ ಕರೆಂಟು ಒಂದೇ ಸಮನೆ ಅತ್ತ ಇತ್ತ ತೂಗುತ್ತಿರುತ್ತದೆ. ಲೋಹ ಹತ್ತಿರ ಬಂದರೆ ಆ ತೂಗಾಟ ಬದಲಾಗುತ್ತದೆ. ತಾಮ್ರ ನಿಕ್ಕಲ್ ಬೆರೆಸಿದ ಹಳೆಯ ನಾಣ್ಯ ಒಂದು ಥರ ಬದಲಿಸುತ್ತದೆ, ಸ್ಟೀಲು ಇನ್ನೊಂದು ಥರ, ಬರೀ ಕಬ್ಬಿಣ ಮತ್ತೊಂದು ಥರ. ಮುಂದೆ ಬೆಳಕಿನ ಎಳೆಗಳಿರುತ್ತವೆ. ನಾಣ್ಯ ಅವನ್ನು ಎಷ್ಟು ಹೊತ್ತು ಮರೆ ಮಾಡಿತು ಎಂಬುದರಿಂದ ಅಗಲ ತಿಳಿಯುತ್ತದೆ. ಹೀಗೆ ಬಂದ ಅಂಕಿಗಳನ್ನು ಒಳಗಿನ ಚಿಪ್ ತನ್ನ ನೆನಪಿನಲ್ಲಿರುವ ಅಂಕಿಗಳ ಜೊತೆ ಹೋಲಿಸುತ್ತದೆ. ಎಲ್ಲವೂ ಹೊಂದಿದರೆ ಒಂದು ಸಣ್ಣ ಬಾಗಿಲು ತೆರೆದು ನಾಣ್ಯ ಪೆಟ್ಟಿಗೆಗೆ ಬೀಳುತ್ತದೆ. ಒಂದೇ ಒಂದು ಹೊಂದದಿದ್ದರೂ ಬಾಗಿಲು ತೆರೆಯುವುದಿಲ್ಲ, ನಾಣ್ಯ ಕೆಳಗಿನ ಬಟ್ಟಲಿಗೆ ವಾಪಸ್ ಬರುತ್ತದೆ. ಇಷ್ಟೂ ಆಗುವುದು ನೀವು ಕಪ್ಪಿಗಾಗಿ ಬಗ್ಗುವಷ್ಟರಲ್ಲಿ.

ನಮ್ಮೂರ ಮಾರುಕಟ್ಟೆಯಲ್ಲಿ ಕಡಲೆಕಾಯಿ ಕೊಳ್ಳುವವರು ಮೂಟೆಯೊಳಗೆ ಕೈ ಹಾಕಿ, ನಾಲ್ಕು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, ಒಣಗಿದೆಯೋ ಹಸಿಯೋ ಹೇಳುತ್ತಿದ್ದರು. ನನಗೆ ಆ ನೆನಪಿನಿಂದ ಮೆಷಿನ್ ಬೇಗ ಅರ್ಥವಾಯಿತು.

ಆದರೆ ಮೆಷಿನ್ ಹುಟ್ಟುತ್ತಲೇ ನಮ್ಮ ನಾಣ್ಯ ಬಲ್ಲದ್ದಲ್ಲ. ನಾವು ಕಲಿಸಬೇಕು. ಒಂದು ಗುಂಡಿ ಒತ್ತಿ ಹಿಡಿದು, ಅಸಲಿ ನಾಣ್ಯಗಳನ್ನು ಒಂದರ ಹಿಂದೊಂದು ಇಪ್ಪತ್ತು ಹಾಕಬೇಕು. ಹೊಸದು, ಸವೆದದ್ದು, ಎಲ್ಲ ಬೆರಕೆ ಇರಬೇಕು. ಅದನ್ನೆಲ್ಲ ನೋಡಿ ಮೆಷಿನ್ ಇಲ್ಲಿಂದ ಇಲ್ಲಿಯವರೆಗೆ ಇದ್ದರೆ ಎರಡು ರೂಪಾಯಿ ಎಂದು ತನಗೆ ತಾನೇ ಗಡಿ ಹಾಕಿಕೊಳ್ಳುತ್ತದೆ. ಗಡಿ ಬಿಗಿಯಾದರೆ ಅಸಲಿ ನಾಣ್ಯವೂ ವಾಪಸ್ ಬರುತ್ತದೆ. ಸಡಿಲವಾದರೆ ಬಿಲ್ಲೆಯೂ ಒಳಗೆ ಹೋಗುತ್ತದೆ. ನಮ್ಮ ಕೆಲಸದ ಜಾಣತನವೆಲ್ಲ ಇರುವುದು ಆ ಗಡಿಯಲ್ಲಿ.

ಇದನ್ನು ತಿಳಿದೂ ನಾನು ಮಾಡಿದ ಮೊದಲ ಎಡವಟ್ಟು ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನಲ್ಲಿ. ಆಯುಧಪೂಜೆಯ ದಿನವೇ ಹೊಸ ಮೆಷಿನ್ ಇಟ್ಟೆವು. ಅಲ್ಲಿನ ಅಡ್ಮಿನ್ ಮೇಡಂ ಬಹಳ ಭಕ್ತೆ. ಮೆಷಿನ್‌ಗೆ ಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಸಿದರು. ಕಲಿಸಲು ಇಪ್ಪತ್ತು ನಾಣ್ಯ ಕೊಡಿ ಎಂದು ಕೇಳಿದಾಗ ಪೂಜೆ ತಟ್ಟೆಯನ್ನೇ ಮುಂದೆ ಹಿಡಿದರು.

"ಇವತ್ತಿನ ದಿನ ಇದರಿಂದಾನೇ ಶುರು ಮಾಡಿ. ಒಳ್ಳೇದಾಗುತ್ತೆ."

ನಾಣ್ಯಗಳೆಲ್ಲ ಅರಿಶಿನದ ನೀರಿನಲ್ಲಿ ಮುಳುಗಿದ್ದವು, ಮೇಲೆ ಕುಂಕುಮ. ಒರೆಸಬೇಕೆಂದು ಕೈಗೆ ಬಟ್ಟೆ ತೆಗೆದುಕೊಂಡೆ. ಪೂಜೆ ಮಾಡಿದ ಕಾಸನ್ನು ಗ್ರೀಸು ಬಟ್ಟೆಯಿಂದ ಒರೆಸಲು ಮನಸ್ಸು ಬರಲಿಲ್ಲ. ಹಾಗೇ ಹಾಕಿದೆ. ಒದ್ದೆ ನಾಣ್ಯಗಳು ಇಳಿಜಾರಿನ ಮೇಲೆ ನಿಧಾನವಾಗಿ, ಅಂಟಿ ಅಂಟಿ ಇಳಿದವು. ಮೆಷಿನ್ ಅದನ್ನೇ ಸರಿ ಎಂದು ಕಲಿತುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಮಂಡಕ್ಕಿ ಕಡಲೆ ಕಟ್ಟಿಸಿಕೊಂಡು ಮನೆಗೆ ಹೋದೆ.

ರಜೆ ಕಳೆದ ಮೇಲೆ ಫೋನ್ ಬಂತು. ಮೂರ್ತಿ ಸಾರ್ ಕೂಡ ಜೊತೆಗೆ ಬಂದರು. ಹೋಗಿ ನೋಡಿದರೆ ಮೆಷಿನ್ ಮುಂದೆ ಕ್ಯೂ ಇರಲಿಲ್ಲ, ಕೈ ತೊಳೆಯುವ ನಲ್ಲಿಯ ಮುಂದೆ ಇತ್ತು. ಒಣಗಿದ ನಾಣ್ಯವನ್ನು ಮೆಷಿನ್ ವಾಪಸ್ ಕೊಡುತ್ತದೆ, ನೀರಿನಲ್ಲಿ ಅದ್ದಿ ಹಾಕಿದರೆ ತೆಗೆದುಕೊಳ್ಳುತ್ತದೆ ಎಂದು ಒಬ್ಬ ಇಂಜಿನಿಯರ್ ಕಂಡುಹಿಡಿದಿದ್ದ. ಇನ್ನೊಬ್ಬ, "ಮಗಾ, ಎರಡೂ ಕಡೆ ಒದ್ದೆ ಮಾಡು, ಒಂದೇ ಕಡೆ ಮಾಡಿದ್ರೆ ತಗೊಳಲ್ಲ" ಎಂದು ಹಿಂದಿನವರಿಗೆ ಪಾಠ ಹೇಳುತ್ತಿದ್ದ.

ನಾನು ನಡೆದದ್ದನ್ನು ಹೇಳಿದೆ. ಮೂರ್ತಿ ಸಾರ್ ಸ್ವಲ್ಪ ಹೊತ್ತು ನಲ್ಲಿಯನ್ನೇ ನೋಡಿದರು.

"ತಿಪ್ಪೇಸ್ವಾಮಿ, ನೀನು ಮೆಷಿನ್‌ಗೆ ದುಡ್ಡು ಕಲಿಸಿಲ್ಲಪ್ಪ. ಅಭಿಷೇಕ ಕಲಿಸಿದೀಯ."

ಅವರು ಬೈಯುತ್ತಾರೆಂದು ಕಾದಿದ್ದೆ. ಆದರೆ ಅಲ್ಲಿಂದ ಪೀಣ್ಯದವರೆಗೂ ಸ್ಕೂಟರಿನ ಮೇಲೆ ಅವರ ಭುಜ ಕುಲುಕುತ್ತಲೇ ಇತ್ತು.

ಮುಂದೆ ಸರ್ಕಾರ ಹೊಸ ಎರಡು ರೂಪಾಯಿ ತಂದಿತು. ಹಳೆಯದಕ್ಕೆ ಮೂಲೆಗಳಿದ್ದವು, ಇದು ಗುಂಡಗೆ. ಹಳೆಯದು ಆಯಸ್ಕಾಂತಕ್ಕೆ ಅಂಟುತ್ತಿರಲಿಲ್ಲ, ಇದು ಸ್ಟೀಲು, ಅಂಟುತ್ತದೆ. ನಮ್ಮ ಎಲ್ಲ ಮೆಷಿನ್‌ಗಳೂ ಒಟ್ಟಿಗೆ ಅದನ್ನು ವಾಪಸ್ ಕೊಡತೊಡಗಿದವು. ಎಲ್ಲ ಕಡೆ ಹೋಗಿ ಮತ್ತೆ ಕಲಿಸಬೇಕಾಯಿತು. ಬ್ರೂಕ್‌ಫೀಲ್ಡ್ ಹತ್ತಿರದ ಒಂದು ಆಫೀಸಿಗೆ ಹೋದ ದಿನ ನನ್ನ ಬಳಿ ಹೊಸ ನಾಣ್ಯ ನಾಲ್ಕೇ ಇದ್ದವು. ಗೇಟಿನ ಹೊರಗೆ ಮುನಿಯಪ್ಪ ಎಂಬವರ ಟೀ ಗಾಡಿ. ಅವರು ಆ ಊರಿನವರೇ, ಆಫೀಸು ಬರುವುದಕ್ಕೆ ಮೊದಲು ಅಲ್ಲೇ ರಾಗಿ ಬೆಳೆಯುತ್ತಿದ್ದರಂತೆ. ಟೀ ಕುಡಿಯುತ್ತಾ ಕೇಳಿದೆ.

"ಅಣ್ಣ, ಹೊಸ ಎರಡು ರೂಪಾಯಿ ಒಂದಿಪ್ಪತ್ತು ಸಿಗ್ತವಾ? ನೋಟು ಕೊಡ್ತೀನಿ."

"ಇಪ್ಪತ್ಯಾಕೆ, ಇನ್ನೂರ್ ತಗೋ. ನಿನ್ ಮಿಸಿನ್ನು ಬ್ಯಾಡ ಅಂದಿದ್ದೆಲ್ಲ ನನ್ ಡಬ್ಬಕ್ಕೇ ಬರೋದು. ಅದು ಕೆಟ್ಟಾಗ್ಲಿಂದ ನಂಗೆ ಯಾವಾರ ಬೋ ಚೆನ್ನಾಗೈತೆ."

ನಾನು ತಲೆ ಕೆರೆದುಕೊಂಡೆ. ಯಾತಕ್ಕೆ ಬೇಕೆಂದು ಅವರು ಕೇಳಿದರು. ಸುಳ್ಳು ಹೇಳಲಾಗದೆ ಹೇಳಿದೆ.

"ಅಂಗಾರೆ ನನ್ ಯಾವಾರ ಕೆಡ್ಸಕ್ಕೆ ನನ್ ಕೈಲೇ ಕಾಸ್ ಕೊಡಿಸ್ಕಂತಿದೀಯಾ?"

"ಇಲ್ಲಣ್ಣ, ಅದು..."

"ತಗೋ ತಗೋ. ನಿನ್ ಮಿಸಿನ್ನಿನ್ ಟೀ ಒಂದ್ಕಿತ ಕುಡ್ದಿವ್ನಿ. ಅದು ಕಾಸ್ ಇಸ್ಕಂಡ್ರೂ ಇವ್ರು ನನ್ತಾವೇ ಬತ್ತಾರೆ."

ಅವರ ಮಾತೇ ನಿಜವಾಯಿತು. ಮೆಷಿನ್ ಸರಿಯಾದ ಮೇಲೂ ಅವರ ಗಾಡಿಯ ಮುಂದಿನ ಗುಂಪು ಕರಗಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ನಗುವ ಮಾತು. ಇನ್ನು ಹೇಳುವುದರಲ್ಲಿ ನಗು ಕೊನೆಗೆ ಬರುತ್ತದೆ, ಮೊದಲು ಬರುವುದಿಲ್ಲ.

ಜಿಗಣಿಯಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಿತ್ತು. ಅಲ್ಲಿ ಗ್ರೈಂಡಿಂಗ್ ವಿಭಾಗದ ಪಕ್ಕ ನಮ್ಮ ಟೀ ಮೆಷಿನ್. ಎರಡು ರೂಪಾಯಿ ಹಾಕಿದರೆ ಒಂದು ಕಪ್ಪು. ನಾಣ್ಯ ವಾಪಸ್ ಬರುತ್ತಿದೆ ಎಂದು ದೂರು ಬಂತು. ಹೋದೆ. ನನ್ನ ಜೇಬಿನ ನಾಣ್ಯ ಹಾಕಿ ನೋಡಿದೆ, ಹತ್ತಕ್ಕೆ ಹತ್ತೂ ತೆಗೆದುಕೊಂಡಿತು. ಮೆಷಿನ್ ಸರಿಯಾಗಿದೆ.

ಈಗ ನಮ್ಮ ರಿಪೋರ್ಟಿನ ವಿಷಯ ಹೇಳಬೇಕು. ಪ್ರತಿ ಭೇಟಿಗೂ ಒಂದು ಹಾಳೆ, ಅದರ ಇನ್ನೊಂದು ಪ್ರತಿ ಗಿರಾಕಿಗೆ. ಅದರಲ್ಲಿ ಮೂರು ಚೌಕ: ಮೆಷಿನ್ ದೋಷ, ಬಳಸುವವರ ದೋಷ, ನಕಲಿ ನಾಣ್ಯ. ಯಾವುದಾದರೂ ಒಂದಕ್ಕೆ ಟಿಕ್ ಹಾಕಲೇಬೇಕು. ಬಿಡಿಭಾಗ ಬದಲಿಸಿದರೆ ಮಾತ್ರ ಮೊದಲನೆಯದಕ್ಕೆ ಹಾಕಿ ಎಂಬುದು ಮೂರ್ತಿ ಸಾರ್ ನಿಯಮ. ಎರಡನೆಯದಕ್ಕೆ ಹಾಕಿದರೆ ಗಿರಾಕಿಗಳು ಮುನಿಸಿಕೊಳ್ಳುತ್ತಾರೆ. ಹಾಗಾಗಿ ಏನೂ ಗೊತ್ತಾಗದಿದ್ದಾಗ ನಾವೆಲ್ಲ ಮೂರನೆಯದಕ್ಕೆ ಟಿಕ್ ಹಾಕುತ್ತಿದ್ದೆವು. ಯಾರಿಗೂ ನೋವಿಲ್ಲದ ಚೌಕ ಅದು ಎಂದು ನಮ್ಮ ಲೆಕ್ಕ. ಜಿಗಣಿಯಲ್ಲೂ ಹಾಕಿದೆ. ಮುಂದಿನ ವಾರ ಅದೇ ದೂರು, ಅದೇ ಟಿಕ್. ಅದರ ಮುಂದಿನ ವಾರವೂ ಹಾಗೇ.

ನಾಲ್ಕನೇ ಸಲ ಹೋದಾಗ ಗೇಟಿನ ಸೆಕ್ಯುರಿಟಿ ಬೆಂಚಿನ ಮೇಲೆ ಒಬ್ಬ ಕೂತಿದ್ದ. ಮೂವತ್ತರ ಆಸುಪಾಸು, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ. ನನ್ನ ಟೂಲ್ ಬ್ಯಾಗು ನೋಡಿ ಎದ್ದು ನಿಂತ.

"ಸರ, ಚಾದ ಮಷೀನಿನವ್ರು ನೀವೇ ಏನ್ರಿ?"

"ಹೌದಪ್ಪ."

"ನಾ ಶರಣಪ್ಪ ಅಂತ್ರಿ. ಯಾದಗಿರಿ ಕಡಿಯಾಂವ. ನಾ ಖೊಟ್ಟಿ ರೊಕ್ಕ ಹಾಕ್ತೀನಿ ಅಂತ ಮೂರು ಸಲ ಬರದೀರಂತಲ್ರಿ."

ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ಅವನು ಬಿಡಿಸಿ ಹೇಳಿದ. ನಾಣ್ಯ ವಾಪಸ್ ಬರುತ್ತಿದ್ದದ್ದು ಅವನೊಬ್ಬನದೇ. ದಿನಾ ಎಲ್ಲರ ಎದುರಿಗೆ ಹಾಕುತ್ತಿದ್ದ, ದಿನಾ ವಾಪಸ್. ಸೂಪರ್‌ವೈಸರ್ ಅದನ್ನು ನೋಡಿ, ನನ್ನ ಮೂರು ಹಾಳೆಗಳನ್ನೂ ತೆಗೆಸಿ, ಫ್ಯಾಕ್ಟರಿಯಲ್ಲೇ ಬಿಲ್ಲೆ ಕತ್ತರಿಸಿ ನಾಣ್ಯ ಮಾಡುತ್ತಿದ್ದಾನೆ ಎಂದು, ವಾಪಸ್ ಬಂದ ಎರಡು ನಾಣ್ಯಗಳ ಸಮೇತ ಎಚ್‌ಆರ್‌ಗೆ ಬರೆದುಕೊಟ್ಟಿದ್ದ. ನಾಳೆ ವಿಚಾರಣೆ, ಅಲ್ಲಿಯವರೆಗೆ ಒಳಗೆ ಬಿಡುವಂತಿಲ್ಲ.

"ಮುಂದಿನ ವಾರ ನಂದು ಪರ್ಮನೆಂಟ್ ಆಗೂದಿತ್ರಿ. ಹೆಣ್ತಿನ್ನ ಕರ್ಕೊಂಡು ಬರಾಕ ಖೋಲಿ ಹಿಡಿದೀನಿ. ಮನಿಯಾಗ ಹೇಳಿನೂ ಬಿಟ್ಟೀನ್ರಿ." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನೇರ ಎಚ್‌ಆರ್ ಮ್ಯಾನೇಜರ್ ಶೈಲಜಾ ಮೇಡಂ ಹತ್ತಿರ ಹೋದೆ. ಟಿಕ್ ಸುಮ್ಮನೆ ಹಾಕಿದ್ದು ಮೇಡಂ, ನಾನು ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ ಎಂದೆ.

"ಸುಮ್ಮನೆ ಅಂದ್ರೆ? ಸಹಿ ನಿಮ್ಮದೇ ತಾನೆ?"

"ನನ್ನದೇ ಮೇಡಂ."

"ಒಂದ್ಸಲ ಆದ್ರೆ ಸುಮ್ಮನೆ ಅನ್ಬಹುದು. ಮೂರ್ ಸಲ. ನಾನು ಆ ಹುಡುಗನ್ನ ನಂಬಬೇಕಾ, ನಿಮ್ಮ ಸಹಿನಾ?"

ಅವನಿಂದ ತೆಗೆದುಕೊಂಡ ನಾಣ್ಯಗಳನ್ನು ತೋರಿಸಿ ಎಂದು ಕೇಳಿದೆ. ಅವರು ಒಂದು ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಹೊಸ ಎರಡು ರೂಪಾಯಿಗಳು, ಎರಡು. ಆದರೆ ಕೆಳಗೆ ಬಿದ್ದದ್ದು ಒಂದೇ ಗಂಟಾಗಿ. ಬಿಡಿಸಿದೆ. ಬಿಡಿಸುವಾಗ ಬೆರಳಿಗೆ ಸಣ್ಣ ಎಳೆತ ತಿಳಿಯಿತು. ಅಂಚಿನ ಸುತ್ತ ನವಿರಾದ ಕಪ್ಪು ಪುಡಿ, ಮೀಸೆ ಚಿಗುರಿದ ಹಾಗೆ.

ಮತ್ತೆ ಗೇಟಿಗೆ ಓಡಿದೆ.

"ಶರಣಪ್ಪ, ಟೀ ಕಾಸು ಎಲ್ಲಿಡ್ತೀಯ?"

"ಮಷೀನ್ ಮ್ಯಾಗ ಇಡ್ತೀನ್ರಿ."

"ಜೇಬಲ್ಲಿ ಯಾಕೆ ಇಡಲ್ಲ?"

"ಗ್ರೈಂಡಿಂಗ್‌ನವ್ರ ಅಂಗಿಗೆ ಕಿಸೆ ಇಲ್ಲಲ್ರಿ ಸರ. ಕಿಸೆ ಸಿಕ್ಕೊಂಡ್ರ ಕೈ ಹೋಗ್ತೈತಿ ಅಂತ ಹೊಲಿಸೂದೇ ಇಲ್ಲ. ಎಲ್ಲರೂ ಟೇಬಲ್ ಮ್ಯಾಗ ಇಡ್ತಾರ. ನನ್ನ ಮಷೀನಿಂದು ಮ್ಯಾಗ್ನೆಟ್ ಟೇಬಲ್ರಿ, ಇಟ್ಟ ರೊಕ್ಕ ಅಳ್ಳಾಡೂದಿಲ್ಲ. ಛಲೋ ಜಾಗ."

ತಿರುಗುವ ಕಲ್ಲಿನ ಕೆಳಗೆ ಉಜ್ಜುವ ಲೋಹದ ತುಂಡು (ಅದಕ್ಕೆ ಜಾಬ್ ಅನ್ನುತ್ತಾರೆ) ಜಾರದಂತೆ ಹಿಡಿಯಲು ಕೆಲವು ಗ್ರೈಂಡಿಂಗ್ ಮೆಷಿನ್‌ಗಳ ಮೇಜೇ ದೊಡ್ಡ ಆಯಸ್ಕಾಂತವಾಗಿರುತ್ತದೆ. ಆ ವಿಭಾಗದಲ್ಲಿ ಅಂಥದ್ದು ಒಂದೇ ಇತ್ತು, ಅದು ಶರಣಪ್ಪನದು. ಬೆಳಗ್ಗೆಯಿಂದ ಟೀ ಹೊತ್ತಿನವರೆಗೆ ಸ್ಟೀಲು ನಾಣ್ಯ ಅದರ ಮೇಲೆ ಕೂತು ತಾನೂ ಸ್ವಲ್ಪ ಆಯಸ್ಕಾಂತವಾಗುತ್ತಿತ್ತು. ಸುತ್ತ ಹಾರುವ ಕಬ್ಬಿಣದ ಪುಡಿಯನ್ನು ಮೈಗೆ ಮೆತ್ತಿಕೊಳ್ಳುತ್ತಿತ್ತು. ನಮ್ಮ ಕಾಯಿಲ್‌ಗಳ ಮುಂದೆ ಅದು ಹೋದಾಗ ಬರುವ ಅಂಕಿ ಎರಡು ರೂಪಾಯಿಯದೂ ಅಲ್ಲ, ಬೇರೆ ಯಾವುದರದೂ ಅಲ್ಲ.

ಮೂರ್ತಿ ಸಾರ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಹೇಳಿದರು:

"ಬಾಯಲ್ಲಿ ಏನಾದ್ರೂ ಹೇಳ್ಕೊ. ಬರವಣಿಗೇಲಿ ಮಾತ್ರ ಕೊಡ್ಬೇಡ. ಅಸಲಿ ನಾಣ್ಯಾನ ನಮ್ಮ ಮೆಷಿನ್ ವಾಪಸ್ ಕೊಡುತ್ತೆ ಅಂತ ನಮ್ಮ ಸಹಿ ಇರೋ ಕಾಗದ ಆಚೆ ಹೋದ್ರೆ, ನಾಳೆ ಎಲ್ಲಾ ಫ್ಯಾಕ್ಟರಿಯವರೂ ಬಾಡಿಗೆ ಇಳಿಸು ಅಂತಾರೆ."

"ಸಾರ್, ಒಬ್ಬನ ಕೆಲಸ ಹೋಗುತ್ತೆ."

"ಕಾಗದ ಕೊಟ್ರೆ ನಿಂದೂ ಹೋಗುತ್ತೆ ಕಣಯ್ಯ."

ಮರುದಿನ ಬೆಳಗ್ಗೆ ಜಿಗಣಿಗೆ ಹೋದಾಗ ಗೇಟಿನ ಹೊರಗೆ ಮೂರ್ತಿ ಸಾರ್ ಸ್ಕೂಟರ್ ನಿಂತಿತ್ತು. ಪೀಣ್ಯದಿಂದ ಅಷ್ಟು ದೂರ, ಆ ಟ್ರಾಫಿಕ್ಕಿನಲ್ಲಿ, ನನಗಿಂತ ಮೊದಲೇ ಬಂದಿದ್ದರು. ನೀನು ಏನಾದರೂ ಬರೆದು ಕೊಟ್ಟುಬಿಡುತ್ತೀಯ ಎಂದು ತಡೆಯಲು ಬಂದೆ ಎಂದರು. ಆದರೆ ಅವರ ಕೈಯಲ್ಲಿ ಒಂದು ಸ್ಪೇರ್ ನಾಣ್ಯದ ಯೂನಿಟ್ಟೂ ಅದಕ್ಕೆ ಕರೆಂಟು ಕೊಡುವ ಅಡಾಪ್ಟರೂ ಇದ್ದವು.

ಎಚ್‌ಆರ್ ಕೋಣೆಯ ಮೇಜಿನ ಮೇಲೆ ಯೂನಿಟ್ ಇಟ್ಟೆ. ಒಂದು ಕಡೆ ಮೇಡಂ, ಪಕ್ಕದಲ್ಲಿ ಸೂಪರ್‌ವೈಸರ್, ಬಾಗಿಲ ಬಳಿ ಶರಣಪ್ಪ. ಮೊದಲು ಮೇಡಂ ಅವರ ಪರ್ಸಿನಿಂದಲೇ ಒಂದು ಹೊಸ ಎರಡು ರೂಪಾಯಿ ಕೊಡಿ ಎಂದು ಕೇಳಿದೆ. ಕೊಟ್ಟರು. ಹಾಕಿದೆ. ಟಕ್ ಎಂದು ಬಾಗಿಲು ತೆರೆದು ಒಳಗೆ ಬಿತ್ತು. ಅದನ್ನೇ ತೆಗೆದು ಗುರುತಿಗೆ ಪೆನ್ನಿನಿಂದ ಒಂದು ಚುಕ್ಕಿ ಇಟ್ಟು ಶರಣಪ್ಪನ ಕೈಗೆ ಕೊಟ್ಟೆ.

"ದಿನಾ ಇಡೋ ಜಾಗದಲ್ಲೇ ಇಟ್ಟು, ಒಂದು ಜಾಬ್ ಮುಗಿಸ್ಕೊಂಡು ಬಾ."

ಅವನ ಜೊತೆ ಸೂಪರ್‌ವೈಸರನ್ನೂ ಮೇಡಂ ಕಳಿಸಿದರು. ನಾವು ಕಾಯುತ್ತಾ ಕೂತೆವು. ಇಷ್ಟು ಕಡಿಮೆ ಹೊತ್ತಿನಲ್ಲಿ ಏನೂ ಆಗದಿದ್ದರೆ, ಮೆಷಿನ್ ಅದನ್ನು ತೆಗೆದುಕೊಂಡುಬಿಟ್ಟರೆ, ಅವನ ಕೆಲಸ ನನ್ನ ಕೈಯಾರೆ ಮುಗಿಯುತ್ತಿತ್ತು. ಮೂರ್ತಿ ಸಾರ್ ಗೋಡೆಯ ಕ್ಯಾಲೆಂಡರನ್ನು ಮೂರು ಸಲ ಓದಿದರು.

ಅವರಿಬ್ಬರೂ ವಾಪಸ್ ಬಂದರು. ನಾಣ್ಯದ ಮೇಲೆ ಚುಕ್ಕಿ ಇತ್ತು, ಅಂಚಿನಲ್ಲಿ ಕಪ್ಪು ಮೀಸೆಯೂ ಇತ್ತು. ಹಾಕಿದೆ. ಬಾಗಿಲು ತೆರೆಯಲಿಲ್ಲ. ನಾಣ್ಯ ಉರುಳಿಕೊಂಡು ಈಚೆ ಬಂದು ಮೇಡಂ ಮುಂದೆ ಬಿತ್ತು. ಇನ್ನೊಮ್ಮೆ ಹಾಕಿದೆ, ಮತ್ತೆ ವಾಪಸ್.

ಮೇಡಂ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮೇಜಿನ ಮೇಲಿದ್ದ ಗುಂಡುಸೂಜಿಯ ಹತ್ತಿರ ಹಿಡಿದರು. ಸೂಜಿ ಅಂಟಿಕೊಂಡಿತು.

"ಇದು ನನ್ನ ಪರ್ಸಿಂದು. ಬೆಳಗ್ಗೆ ಆಟೋದವನು ಕೊಟ್ಟಿದ್ದು. ಹಾಗಾದ್ರೆ ಖೋಟಾ ನಾಣ್ಯ ತಂದಿದ್ದು ನಾನಾ, ಆಟೋದವನಾ?" ಎಂದು ಸೂಪರ್‌ವೈಸರನ್ನು ಕೇಳಿದರು.

"ಇನ್ನೊಂದೈತ್ರಿ ಮೇಡಂ," ಎಂದ ಶರಣಪ್ಪ. "ಗ್ರೈಂಡಿಂಗ್ ಆದ ಮ್ಯಾಲೆ ಜಾಬಿನ ಮ್ಯಾಗ್ನೆಟ್ ತೆಗಿಯೂ ಡಬ್ಬಿ ನಮ್ಮ ಕಡೆ ಐತಿ. ಅದರ ಮ್ಯಾಲೆ ಆಡಿಸಿ ತರ್ಲ್ಯಾ?"

ಅದು ನನಗೆ ಹೊಳೆದಿರಲಿಲ್ಲ, ಮೂರ್ತಿ ಸಾರ್‌ಗೂ ಹೊಳೆದಿರಲಿಲ್ಲ. ಅವನು ಹೋಗಿ ನಾಣ್ಯವನ್ನು ಆ ಡಬ್ಬಿಯ ಮೇಲೆ ಎಳೆದು, ಅಂಗಿಯ ಚುಂಗಿನಿಂದ ಒರೆಸಿ ತಂದ. ಈ ಸಲ ತಾನೇ ಹಾಕಿದ. ಟಕ್ ಎಂದಿತು. ಮೂರ್ತಿ ಸಾರ್ ಕುರ್ಚಿಯಿಂದ ಎದ್ದೇಬಿಟ್ಟರು, "ಇನ್ನೊಂದ್ಸಲ, ಇನ್ನೊಂದ್ಸಲ ಹಾಕಪ್ಪ" ಎಂದು. ಅವನು ಹಾಕಿದ, ಮತ್ತೆ ಟಕ್.

ಮೇಡಂ ಫೈಲು ತೆರೆದರು. "ನನಗೆ ಅರ್ಥ ಆಯ್ತು. ಆದ್ರೆ ನಾಳೆ ನಾನು ಇಲ್ಲಿ ಇರ್ತೀನೋ ಇಲ್ವೋ. ಈ ಫೈಲಲ್ಲಿ ನಿಮ್ಮ ಮೂರು ಹಾಳೆ ಇರುತ್ತೆ. ಅದಕ್ಕೆ ಉತ್ತರ ಬರವಣಿಗೇಲೇ ಬೇಕು."

ನಾನು ಮೂರ್ತಿ ಸಾರ್ ಮುಖ ನೋಡಲಿಲ್ಲ. ಕಾಗದ ಕೇಳಿ ತೆಗೆದುಕೊಂಡು ಕನ್ನಡದಲ್ಲೇ ಬರೆದೆ. ಮೂರು ಸಲವೂ ಕಾರಣ ಗೊತ್ತಿಲ್ಲದೆ ಟಿಕ್ ಹಾಕಿದ್ದೇನೆ, ಆ ನಾಣ್ಯಗಳನ್ನು ನಾನು ಕೈಯಲ್ಲಿ ಹಿಡಿದೂ ನೋಡಿರಲಿಲ್ಲ, ಅವು ಅಸಲಿ ನಾಣ್ಯಗಳು, ಶರಣಪ್ಪನ ತಪ್ಪೇನೂ ಇಲ್ಲ, ತಪ್ಪು ನನ್ನದು. ಇಷ್ಟು ಬರೆಯಲು ಬಹಳ ಹೊತ್ತು ಹಿಡಿಯಿತು. ಸಹಿ ಮಾಡಿ ಮೇಡಂ ಕಡೆ ಸರಿಸುವಾಗ ಮೂರ್ತಿ ಸಾರ್ ಕೈ ಅಡ್ಡ ಬಂತು.

ಕಾಗದ ತೆಗೆದುಕೊಂಡು ಓದಿದರು. ಹರಿದು ಹಾಕುತ್ತಾರೆ ಎಂದುಕೊಂಡೆ. ಜೇಬಿನಿಂದ ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು.

"ಆ ಚೌಕದ ನಿಯಮ ಮಾಡಿದ್ದು ನಾನು. ಇವನೊಬ್ಬನದೇ ಹೆಸರು ಯಾಕಿರ್ಬೇಕು," ಎಂದು ಮೇಡಂಗೆ ಕೊಟ್ಟರು.

ನನ್ನ ಕೆಲಸ ಹೋಗಲಿಲ್ಲ, ಅವರದ್ದೂ ಹೋಗಲಿಲ್ಲ. ಆ ಫ್ಯಾಕ್ಟರಿ ಬಾಡಿಗೆ ಇಳಿಸಲು ಕೇಳಲೂ ಇಲ್ಲ. ಮುಂದಿನ ತಿಂಗಳು ಅಚ್ಚಾಗಿ ಬಂದ ರಿಪೋರ್ಟಿನಲ್ಲಿ ನಾಲ್ಕನೇ ಚೌಕ ಸೇರಿತ್ತು: ಕಾರಣ ಗೊತ್ತಾಗಿಲ್ಲ. ಹೊಸಬರೇ, ನಿಮ್ಮ ಫೋನಿನ ಆ್ಯಪ್‌ನಲ್ಲಿ ಅಂಥ ಚೌಕ ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ. ನಾನು ಅತಿ ಹೆಚ್ಚು ಕಲಿತದ್ದು ಆ ಚೌಕಕ್ಕೆ ಟಿಕ್ ಹಾಕಿದ ದಿನಗಳಲ್ಲೇ. ಇನ್ನು ಗ್ರೈಂಡಿಂಗ್ ವಿಭಾಗದವರು ಟೀ ಗಂಟೆ ಹೊಡೆದ ಕೂಡಲೇ ಸಾಲಾಗಿ ನಿಂತು ಕಾಸನ್ನು ಆ ಡಬ್ಬಿಯ ಮೇಲೆ ಒಮ್ಮೆ ಆಡಿಸಿಕೊಂಡು ಬರುವ ಪದ್ಧತಿ ಮಾಡಿಕೊಂಡರು. ಅದರ ಅಗತ್ಯವಿದ್ದದ್ದು ಒಬ್ಬನಿಗೆ. ಆದರೂ ಎಲ್ಲರೂ ಆಡಿಸುತ್ತಿದ್ದರು, ಹಾಗೆ ಮಾಡಿದರೆ ಟೀ ರುಚಿ ಎಂದು ಹೇಳಿಕೊಂಡು.

ಶರಣಪ್ಪ ಪರ್ಮನೆಂಟ್ ಆದ. ಹೆಂಡತಿ ಬಂದ ಮೇಲೆ ಒಂದು ಭಾನುವಾರ ನನ್ನನ್ನು ಜಿಗಣಿಯ ಖೋಲಿಗೆ ಊಟಕ್ಕೆ ಕರೆದ. ಒಂದೇ ಕೋಣೆ, ಹೊಸ ಸ್ಟವ್, ಗೋಡೆಗೆ ಹೊಸ ಸುಣ್ಣ. ಆಕೆಯ ಹೆಸರು ನೀಲಮ್ಮ. ಬಿಸಿ ಜೋಳದ ರೊಟ್ಟಿ ಬಡಿದು ಹಾಕುತ್ತಾ ಇಡೀ ಕಥೆಯನ್ನು ಗಂಡನ ಬಾಯಿಂದ ಕೇಳಿದಳು. ಅವನು ಕಾಯಿಲ್ ಬಗ್ಗೆ, ಬೆಳಕಿನ ಎಳೆ ಬಗ್ಗೆ, ಮೇಡಂ ಅವರ ಸೂಜಿ ಬಗ್ಗೆ ಎಲ್ಲ ಹೇಳಿದ. ನಾನೂ ನಡುನಡುವೆ ಸೇರಿಸಿದೆ. ಮುಗಿದ ಮೇಲೆ ಆಕೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಕೇಳಿದಳು:

"ಅಲ್ರಿ ಅಣ್ಣಾರ, ಮೊದಲನೇ ದಿನಾನೇ ಇವ್ರನ್ನ ಒಂದ್ ಮಾತ್ ಕೇಳಿದ್ರ ಆಗ್ತಿತ್ತಲ್ರಿ, ರೊಕ್ಕ ಎಲ್ಲಿಡ್ತಿ ಅಂತ."

ನಾನು ಶರಣಪ್ಪನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಮೂರು ವಾರ ನಾನು ಆ ಮೆಷಿನ್‌ನ ಬಾಗಿಲು ತೆಗೆದು ಕೂತಿದ್ದಾಗ ಅವನು ನಾಲ್ಕು ಹೆಜ್ಜೆ ಆಚೆ ಕೆಲಸ ಮಾಡುತ್ತಿದ್ದ. ಮೊದಲು ನಕ್ಕವನು ಅವನು. ಆಮೇಲೆ ನನಗೂ ತಡೆಯಲಾಗಲಿಲ್ಲ.

ನಿಮ್ಮ ಕೆಲಸದಲ್ಲೂ ನಾಲ್ಕು ಹೆಜ್ಜೆ ಆಚೆ ಉತ್ತರ ಗೊತ್ತಿದ್ದವರೊಬ್ಬರು ನಿಂತಿದ್ದು, ನೀವು ಕೇಳದೇ ಹೋದದ್ದು ಇರಬಹುದು. ಇದ್ದರೆ ದಯವಿಟ್ಟು ಬರೆಯಿರಿ. ನಾನು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದುತ್ತೇನೆ. ಉತ್ತರ ಬರೆಯಲು ಮಾತ್ರ ಸ್ವಲ್ಪ ತಡವಾಗುತ್ತದೆ, ಬೆರಳು ಒಂದೇ.